ಪಿಂಚಣಿ ಚಕ್ರ

ಮಾಸ್ತರ್ರೇ,

ಶರಣು. ನೀವು ಮೊದಲು ಏನು ಕೇಳುತ್ತೀರೆಂದು ಗೊತ್ತಿರುವುದರಿಂದ ಅದನ್ನೇ ಮೊದಲು ಹೇಳಿಬಿಡುತ್ತೇನೆ. ನಿಮ್ಮ ಸೈಕಲ್ ಗೋಡೆಯಿಂದ ಕೆಳಗಿಳಿದಿದೆ. ಟಯರಿನಲ್ಲಿ ಗಾಳಿ ಇದೆ, ಚೈನಿಗೆ ಎಣ್ಣೆ ಇದೆ, ಬ್ರೇಕ್ ಹಿಡಿಯುತ್ತದೆ. ಅದಕ್ಕೆ ನಾನು ಇನ್ನೊಂದು ಕೆಲಸವನ್ನೂ ಮಾಡಿದ್ದೇನೆ. ಅದನ್ನು ಕೇಳಿದರೆ ನೀವು ಎದ್ದು ಬಂದು ಜಗಳ ತೆಗೆಯುತ್ತೀರಿ. ತೆಗೆಯಿರಿ. ಅಫಜಲಪುರದ ಕೋರ್ಟಿನಲ್ಲಿ ಇಷ್ಟು ವರ್ಷ ವಾದ ಮಾಡಿ ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ಈ ಸಲ ನನ್ನ ಕಡೆ ಸಾಕ್ಷಿಯೂ ಇದೆ, ಅದೂ ನಿಮ್ಮ ಮನೆಯದೇ ಸಾಕ್ಷಿ.

ದೀಪಾವಳಿ ಮುಗಿದ ಮೇಲೆ ಒಂದು ದಿನ ಇಜೇರಿಯಿಂದ ಕಾಕು ಫೋನ್ ಮಾಡಿದರು. ನಿಮ್ಮನ್ನು ಮಾಸ್ತರ್ ಎಂದು ಕರೆದ ನಾವೆಲ್ಲ ನಿಮ್ಮ ಹೆಂಡತಿಯನ್ನು ಮಾತ್ರ ಮನೆಯವರ ಹಾಗೆ ಕಾಕು ಅಂದೆವು. ಬಹುಶಃ ನೀವು ಬೈದ ಮೇಲೆ ಅವರು ಉಣ್ಣಲಿಕ್ಕೆ ಕೊಡುತ್ತಿದ್ದರು, ಅದಕ್ಕೇ ಇರಬೇಕು.

"ಸಾವಿತ್ರಿ, ನಮ್ಮ ತಮ್ಮನ ಮಗ ಕಲಬುರ್ಗ್ಯಾಗ ಕಾಫಿ ಅಂಗಡಿ ಹಾಕಾಕತ್ತಾನ. ಮಾಮಾನ ಸೈಕಲ್ ಕೊಡು ಅತ್ತಿ ಅಂತಾನ."

"ಅವಗ ಸೈಕಲ್ ಹೊಡಿಲಾಕ ಬರ್ತದೇನ್ರಿ?"

"ಹೊಡಿಲಾಕಲ್ಲ ಬೇ. ನಡಾ ಕೊಯ್ದು ಅರ್ಧಾ ಗ್ವಾಡಿಗಿ ಬಡೀತಾನಂತ. ಬಂದವರು ಅದರ ಮುಂದ ನಿಂತು ಫೋಟೋ ತಕ್ಕೋತಾರಂತ."

ಆ ನೀಲಿ ಸೈಕಲ್ಲನ್ನು, ನೀವು ಪುಣೆಯಿಂದ ರೈಲಿನಲ್ಲಿ ನಿಮ್ಮ ಹೊದಿಕೆಯಲ್ಲಿ ಸುತ್ತಿಕೊಂಡು ತಂದದ್ದನ್ನು, ನಡು ಕೊಯ್ಯುವುದೆಂದರೆ... ಬೇಡವೆಂದು ಹೇಳಿಬಿಡಿ ಅಂದೆ. ಕಾಕು ಅಷ್ಟು ಸುಲಭಕ್ಕೆ ಬಗ್ಗುವವರೇ? "ನೀ ಒಯ್ದು ಏನ್ ಮಾಡ್ತಿ? ನಿನ್ನ ಗ್ವಾಡಿಗಿ ನೇತಾಕ್ತಿ. ಹತ್ತಾರು ವರ್ಷ ನನ್ನ ಪಡಸಾಲ್ಯಾಗ ನೇತಾಡಿದ್ದು ಸಾಕು. ಎಳ್ಳಮಾಸಿ ದಿನ ಅದರ ಮ್ಯಾಲ ಕೂತು ಹೊಲಕ್ಕ ಬಾ. ಬಂದಿ ಅಂದ್ರ ಅದು ನಿಂದು. ಇಲ್ಲಂದ್ರ ಮರುದಿನ ಅವ ಟಂಟಂ ಗಾಡಿ ತಗೊಂಡು ಬರ್ತಾನ, ನಾ ಇಲ್ಲ ಅನ್ನಾಂಗಿಲ್ಲ."

ಎಳ್ಳಮವಾಸ್ಯೆಯ ಆ ದಾರಿ ನೆನಪಿದೆಯೇ ನಿಮಗೆ? ಕಾಕು ಹಿಂದಿನ ದಿನವೇ ಬಸ್ಸು ಹಿಡಿದು ಇಜೇರಿಗೆ ಹೋಗಿ ಹಸಿ ಕಾಳು, ಸೊಪ್ಪು ಹಾಕಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಮಾಡಿಟ್ಟಿರುತ್ತಿದ್ದರು. ನೀವು ನಮ್ಮ ಶಾಲೆಯ ನಾಲ್ಕಾರು ಹುಡುಗಿಯರನ್ನು ಹೊರಡಿಸಿಕೊಂಡು ಅಫಜಲಪುರದಿಂದ ಚೌಡಾಪುರ, ಅಲ್ಲಿಂದ ಹೊಳೆಯ ಸೇತುವೆ, ಆಮೇಲೆ ಆಚೆ ದಂಡೆಯ ಏರು ಹತ್ತಿಸಿ ಹೊಲದವರೆಗೆ ಒಯ್ಯುತ್ತಿದ್ದಿರಿ. ಹುಡುಗಿಯರಿಗೆ ಸೈಕಲ್ ರೇಸು ಯಾಕೆ ಎಂದು ಊರವರು ಕೇಳಿದರೆ, ಹಬ್ಬಕ್ಕೆ ಹೊಲಕ್ಕೆ ಹೊರಟಿದ್ದೇವೆ ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದಿರಿ. ಹೊಳೆ ದಂಡೆಯ ಏರಿನಲ್ಲಿ ಮಾತ್ರ ನೀವು ಮುಂದೆ ಹೋಗಿ ನೆತ್ತಿಯ ಮೇಲೆ ನಿಂತು ಕೂಗುತ್ತಿದ್ದಿರಿ: "ಏಳ ಬೇ, ಕೂತು ಯಾಕ ತುಳೀತಿ? ಎದ್ದು ತುಳಿ! ಭಜ್ಜಿ ಆರಾಕತ್ತದ!"

ಆ ಕೂಗಿಗೆ ಹೆದರಿಯೋ, ಭಜ್ಜಿಯ ಆಸೆಗೋ, ಹತ್ತಿಬಿಡುತ್ತಿದ್ದೆವು.

ಆಳಂದದಲ್ಲಿ ಒಮ್ಮೆ ರೇಸು ನಡೆದಾಗ ಸೊಲ್ಲಾಪುರದಿಂದ ಒಬ್ಬರು ಬಂದಿದ್ದರು. ಅವರ ಸೈಕಲ್ಲಿನಲ್ಲಿ ಪೆಡಲಿನ ಹತ್ತಿರ, ನಮ್ಮದರಲ್ಲಿ ಎರಡು ಹಲ್ಲಿನ ಚಕ್ರ ಇರುವ ಕಡೆ, ಮೂರಿದ್ದವು. ದೊಡ್ಡದು, ನಡುವಿನದು, ಒಳಗೆ ಬಚ್ಚಿಟ್ಟ ಹಾಗೆ ಒಂದು ಚಿಕ್ಕದು. ಇದು ಯಾಕೆ ಎಂದು ನಾನು ಕೇಳಿದೆ. ಪೆಡಲಿನ ಹತ್ತಿರದ ಹಲ್ಲಿನ ಚಕ್ರ ಚಿಕ್ಕದಾದಷ್ಟೂ ತುಳಿತ ಹಗುರ, ಏರಿನಲ್ಲಿ ಮೊಣಕಾಲಿಗೆ ಸುಖ ಎಂದು ಅವರು ಸಮಾಧಾನವಾಗಿ ವಿವರಿಸಿದರು. ನೀವು ಪಕ್ಕದಲ್ಲೇ ನಿಂತಿದ್ದಿರಿ. ಅವರು ಆಚೆ ಹೋದದ್ದೇ ತಡ, "ಅದು ಪಿಂಚಣಿ ಚಕ್ರ" ಅಂದಿರಿ. "ಅದನ್ನ ಹಾಕ್ಕೊಂಡವ ಅರ್ಜಿ ಬರದು ಕೊಟ್ಟು ಮನ್ಯಾಗ ಕೂಡ್ಲಿ. ರೇಸಿಗಿ ಯಾಕ ಬರ್ತಾನ?" ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅಂದು ಆ ಸೊಲ್ಲಾಪುರದವರೇ ಗೆದ್ದರು ಎಂಬುದನ್ನು ವಾಪಸು ಬರುವ ದಾರಿಯಲ್ಲಿ ನಾವು ಯಾರೂ ಎತ್ತಲಿಲ್ಲ.

ನಿಮ್ಮ ಮೊಣಕಾಲು ನೋಯಲು ಶುರುವಾದದ್ದು ನಿವೃತ್ತಿಯಾಗಿ ಇಜೇರಿಗೆ ಹೋದ ಮೇಲೆ. ಒಂದು ಸಲ ಬಂದಾಗ ಸೈಕಲ್ ಪಡಸಾಲೆಯ ಗೋಡೆಗೆ ಏರಿತ್ತು, ಅಂಗಳದಲ್ಲಿ ಮೊಪೆಡ್ ನಿಂತಿತ್ತು. ನಾನು ಬಾಯಿ ತೆರೆಯುವ ಮೊದಲೇ ನೀವು, "ಹೊಲಕ್ಕ ಗೊಬ್ಬರದ ಚೀಲ ಒಯ್ಯಾಕ ಮೊಪೆಡ್ಡೇ ಛಲೋ" ಅಂದಿರಿ. ಮಾಸ್ತರ್ರೇ, ನೀವು ಒಬ್ಬರೇ ಹೊಲಕ್ಕೆ ಹೋಗುವಾಗಲೂ ಮೊಪೆಡ್ಡಿನಲ್ಲೇ ಹೋಗುತ್ತಿದ್ದಿರಿ. ಹಿಂದೆ ಯಾವ ಚೀಲವೂ ಇರುತ್ತಿರಲಿಲ್ಲ. ಎಳ್ಳಮವಾಸ್ಯೆಯ ಸವಾರಿಯೂ ಅಲ್ಲಿಗೆ ನಿಂತಿತು. ನಾವು ಕಾರಿನಲ್ಲಿ ಬಂದು, ಭಜ್ಜಿ ಉಂಡು, ಕಾರಿನಲ್ಲಿ ಹೋದೆವು. ನೀವು ತೀರಿಹೋಗುವವರೆಗೂ ಹಾಗೇ ನಡೆಯಿತು.

ಈ ವರ್ಷ ಮಳೆಗಾಲದಲ್ಲಿ ನನಗೆ ಚಿಕೂನ್‌ಗುನ್ಯ ಬಂತು. ಜ್ವರ ಬಿಟ್ಟಿತು, ಆದರೆ ಕೀಲುಗಳು ನನ್ನ ಮಾತು ಕೇಳುವುದನ್ನೇ ಬಿಟ್ಟವು. ಬೆಳಿಗ್ಗೆ ಹಲ್ಲುಜ್ಜುವ ಪೇಸ್ಟಿನ ಮುಚ್ಚಳ ತಿರುಗಿಸಲು ಮನೆಯವರನ್ನು ಕರೆಯಬೇಕು. ಕೋರ್ಟಿನ ಮೆಟ್ಟಿಲು ಹತ್ತುವಾಗ ಎದುರು ಪಾರ್ಟಿಯ ವಕೀಲರೇ ಕೈಹಿಡಿದು ಹತ್ತಿಸುತ್ತಿದ್ದರು. ಆಮೇಲೆ ಒಳಗೆ ಹೋಗಿ ಅವರ ಜೊತೆಗೇ ಜಗಳ. ಹಗುರವಾಗಿ ಸೈಕಲ್ ತುಳಿದರೆ ಒಳ್ಳೆಯದೇ, ಆದರೆ ಬಲ ಹಾಕಿ ತುಳಿಯಬೇಡಿ ಎಂದು ಡಾಕ್ಟರು ಹೇಳಿದ್ದರು. ಕಾಕು ಫೋನ್ ಮಾಡಿದ್ದು ಇಂಥ ಹೊತ್ತಿನಲ್ಲಿ. ನಿಜ ಹೇಳಬೇಕೆಂದರೆ ಸೈಕಲ್ಲಿನ ಚಿಂತೆ ಅರ್ಧ ಮಾತ್ರ. ನಾನು ಇನ್ನು ಮುಂದೆ ಸೈಕಲ್ ಹೊಡೆಯುವವಳೋ, ಅಥವಾ ಒಂದು ಕಾಲದಲ್ಲಿ ಹೊಡೆಯುತ್ತಿದ್ದವಳೋ ಎಂಬುದು ಇನ್ನರ್ಧ.

ಸೈಕಲ್ಲನ್ನು ಅಫಜಲಪುರಕ್ಕೆ ತರಿಸಿಕೊಂಡು, ಟಯರು ಬದಲಿಸಿ, ಒಂದು ಭಾನುವಾರ ಬೆಳಿಗ್ಗೆ ಹೊಳೆಯವರೆಗೆ ಹೋದೆ. ಬಯಲು ದಾರಿ ಸುಖವಾಗಿತ್ತು. ಸೇತುವೆ ದಾಟಿ ಏರು ಶುರುವಾದಾಗ ಒಳಗಿನ ಚಕ್ರಕ್ಕೆ ಚೈನ್ ಇಳಿಸಿದೆ. ನಿಮ್ಮ ಎರಡರಲ್ಲಿ ಚಿಕ್ಕದೆಂದರೂ ನಲವತ್ತೆರಡು ಹಲ್ಲಿನದು. ನೀವು ಹೇಳಿದ ಹಾಗೆ ಎದ್ದು ನಿಂತೆ. ಮೊಣಕಾಲಿನಲ್ಲಿ ಯಾರೋ ಉಳಿ ಇಟ್ಟು ಹೊಡೆದಂತಾಯಿತು. ಇಳಿದು ಸೈಕಲ್ ನೂಕಿಕೊಂಡು ಹತ್ತಿದೆ. ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ನಿಧಾನ ಮಾಡಿ, "ಅಕ್ಕೋರೇ, ಹಿಂದ ಹಾಕ್ತೀರೇನು, ಮ್ಯಾಲ ಇಳಸ್ತೀನಿ" ಎಂದು ಕೇಳಿದ. ಬೇಡಪ್ಪಾ ಅಂದೆ. ನೆತ್ತಿಯ ಮೇಲೆ ನೀವು ನಿಲ್ಲುತ್ತಿದ್ದ ಕಡೆ ಕಲ್ಲಿನ ಮೇಲೆ ಕೂತು ಅತ್ತೆ. ಅಲ್ಲೇ ತೀರ್ಮಾನಿಸಿದೆ, ಈ ಸೈಕಲ್ಲಿಗೆ ಪಿಂಚಣಿ ಚಕ್ರ ಹಾಕಿಸುತ್ತೇನೆ. ಮಾಸ್ತರರು ಸಿಟ್ಟಾದರೆ ಆಗಲಿ. ನಡು ಕೊಯ್ದು ಗೋಡೆಗೆ ಬಡಿಯುವುದಕ್ಕಿಂತ ಇದು ವಾಸಿಯಲ್ಲವೇ?

ಆಳಂದದ ದಸ್ತಗೀರ್ ಭಾಯ್ ನಿಮಗೆ ನೆನಪಿರಬೇಕು, ರೇಸು ಬಿಟ್ಟ ಮೇಲೆ ಹಳೆಯ ಸೈಕಲ್ ಸಾಮಾನು ಕೂಡಿಹಾಕುತ್ತಿದ್ದವರು. ಈಗಲೂ ಸೊಲ್ಲಾಪುರ, ಪುಣೆ ಎಂದು ತಿರುಗಿ ಸಾಮಾನು ತರುತ್ತಾರೆ, ಮನೆಯವರಿಂದ ಬೈಸಿಕೊಳ್ಳುತ್ತಾರೆ. ಅವರ ಅಟ್ಟದ ಮೇಲೆ ಮೂರು ಚಕ್ರದ ಕ್ರ್ಯಾಂಕುಗಳು, ಪೆಡಲಿನ ತೋಳು ಸಮೇತ, ಸಾಲಾಗಿ ತೂಗಿದ್ದವು. ಎಲ್ಲಕ್ಕಿಂತ ಹೊಳೆಯುವುದರ ಮೇಲೆ ನನ್ನ ಕಣ್ಣು ಬಿತ್ತು. ಅದರ ತೋಳು ಉದ್ದ. ಮೊಣಕಾಲು ನೋಯುವವರು ಉದ್ದ ತೋಳು ಹಾಕಿಕೊಂಡರೆ ಕಾಲು ಇನ್ನೂ ಮೇಲೆ ಮಡಚಬೇಕಾಗುತ್ತದೆ ಎಂಬ ನೆನಪು ಬಂದು ಕೈಬಿಟ್ಟೆ. ಇನ್ನೊಂದರ ಚೌಕ ತೂತು ಹಿಗ್ಗಿತ್ತು. ಎರಡು ಪೆಡಲಿನ ತೋಳುಗಳ ನಡುವಿನ ಆಕ್ಸಲ್ಲಿನ ಮೇಲೆ ಎಷ್ಟು ಬಿಗಿ ಮಾಡಿದರೂ ಅದು ಸಡಿಲಾಗುತ್ತಲೇ ಇರುತ್ತದೆ ಎಂದು ಅವರೇ ಪಕ್ಕಕ್ಕಿಟ್ಟರು. ಕಡೆಗೆ ಬಣ್ಣ ಮಾಸಿದ, ಆದರೆ ನೆಟ್ಟಗೆ ಇದ್ದ ಒಂದನ್ನು ಆರಿಸಿದೆವು.

"ಇದರ ಜೋಡಿ ಇದರದೇ ಆಕ್ಸಲ್ ಕೊಡ್ತೀನಿ ಬೆಹನ್. ಉದ್ದಂದು ಬೇಕು, ಇಲ್ಲಂದ್ರ ಸಣ್ಣ ಚಕ್ರ ಫ್ರೇಮಿಗಿ ಹತ್ತತದ. ಹಿಂದಿನ ಗೇರಿಂದೂ ಉದ್ದ ಕೈ ಇದ್ದಿದ್ದು ಹಾಕ್ರಿ, ಚೈನ್ ಸಡ್ಲ ಆಗ್ತದಲ್ಲ, ಅದನ್ನ ಎಳದು ಹಿಡೀಬೇಕು."

"ಗೇರಿನ ಲಿವರ್?"

"ಅದಕ್ಕ ಕೈ ಹಚ್ಚಬ್ಯಾಡ್ರಿ. ಹಳೇ ಲಿವರಿಗಿ ಟಿಕ್ ಟಿಕ್ ಅನ್ನೂ ಹಿಸಾಬ್ ಇಲ್ಲ. ಎಷ್ಟ ಎಳೀತೀರಿ ಅಷ್ಟ ಎಳೀತದ, ಎರಡಿದ್ರೇನು, ಮೂರಿದ್ರೇನು." ಆಮೇಲೆ ಚಿಕ್ಕ ಚಕ್ರದ ಮೇಲೆ ಬೆರಳಾಡಿಸಿ ತೋರಿಸಿದರು. ಹಲ್ಲುಗಳು ಸವೆದು ಒಂದು ಕಡೆ ಬಾಗಿದ್ದವು. "ಇದೊಂದು ಖರಾಬ್ ಅದ ನೋಡ್ರಿ. ಬಲಾ ಬಿದ್ರ ಚೈನ್ ಜಿಗೀತದ. ಬ್ಯಾರೇದು ಸಿಗೋ ತನಕ ಚಲಾಯಿಸ್ರಿ. ನಾನೂ ಹುಡುಕ್ತೀನಿ, ಇನ್ಶಾ ಅಲ್ಲಾ ಸಿಕ್ಕೀತು."

ನೀವು ನಮಗೆ ಕಲಿಸಿದ ಮೊದಲ ಪಾಠ ಏನು, ಹೇಳಿ ನೋಡೋಣ. ಬೋಲ್ಟು ಬಿಚ್ಚಲು ಪಾನಾ ಹಿಡಿಯುವ ಮೊದಲು ಸೈಕಲ್ ಡಬ್ಬು ಹಾಕಬೇಕು. ಸೀಟು, ಹ್ಯಾಂಡಲ್ಲು ನೆಲಕ್ಕೆ, ಗಾಲಿಗಳು ಮೇಲಕ್ಕೆ. "ನಿಂತ ಸೈಕಲ್ಲಿಗಿ ಪಾನಾ ಹಚ್ಚಬಾರದು" ಎಂದು ನೀವು ಹೇಳುತ್ತಿದ್ದದ್ದು ನಮಗೆ ದೇವರ ಮಾತಿನಂತೆ ಇತ್ತು. ನಮ್ಮ ಅಂಗಳದಲ್ಲಿ ಗೋಣಿಚೀಲ ಹಾಸಿ ನಿಮ್ಮ ಸೈಕಲ್ಲನ್ನು ಡಬ್ಬು ಹಾಕಿದೆ. ಕೈಯಲ್ಲಿ ಬಲ ಸಾಲದ ಕಡೆ ಮನೆಯವರು ಪಾನಾ ಹಿಡಿದರು. ಹಳೆಯ ಕ್ರ್ಯಾಂಕು ಬಂತು, ಒಂದು ಕಡೆಯ ಬೇರಿಂಗ್ ಕಪ್ ಬಂತು, ಗಿಡ್ಡ ಆಕ್ಸಲ್ ಬಂತು. ಗ್ರೀಸು ಒಣಗಿ ಬೆಲ್ಲದ ಅಂಟಿನಂತಾಗಿತ್ತು. ಎಲ್ಲ ತೊಳೆದು, ಹೊಸ ಗುಂಡು ಕೂಡಿಸಿ, ದಸ್ತಗೀರ್ ಭಾಯ್ ಕೊಟ್ಟ ಆಕ್ಸಲ್ ತೂರಿಸಿದೆ. ಅದರ ಒಂದು ತುದಿ ಉದ್ದ, ಇನ್ನೊಂದು ತುಸು ಗಿಡ್ಡ. ಉದ್ದನೆಯದು ಚೈನ್ ಇರುವ ಬಲಗಡೆಗೆ ಬರಬೇಕು, ಚಿಕ್ಕ ಚಕ್ರಕ್ಕೆ ಜಾಗವಾಗಲೆಂದು. ಬಲಗಡೆಗೇ ಹಾಕಿದೆ. ಮೂರು ಚಕ್ರದ ಕ್ರ್ಯಾಂಕ್ ಏರಿಸಿ, ಬೋಲ್ಟು ಬಿಗಿಸಿ, ತಿರುಗಿಸಿದೆ.

ಕರ್ ಎಂದು ಸದ್ದಾಯಿತು. ಚಿಕ್ಕ ಚಕ್ರ ಫ್ರೇಮಿನ ಕೊಳವೆಯನ್ನು ಗೀಚಿತ್ತು.

ಬಿಚ್ಚಿ ಮತ್ತೆ ಹಾಕಿದೆ. ಮತ್ತೆ ಅದೇ ಸದ್ದು. ಎಳ್ಳಮವಾಸ್ಯೆ ಮುಂದಿನ ವಾರ ಇತ್ತು. ಮನೆಯವರು ಮೆಲ್ಲಗೆ, "ಈ ಫ್ರೇಮಿಗಿ ಅದು ಕೂಡಂಗಿಲ್ಲ ಕಾಣ್ತದ, ಬಿಟ್ಟುಬಿಡು" ಅಂದರು. ಅವರ ಮೇಲೆ ಹರಿಹಾಯ್ದೆ, ಪಾಪ. ಅವರು ಚಹಾ ಮಾಡಲು ಒಳಗೆ ಹೋದರು. ನಾನು ಗೀಚಿದ ಗಾಯ ಎಷ್ಟು ಆಳ ಎಂದು ನೋಡಲು ಚಿಂದಿಯಿಂದ ಕೊಳವೆ ಒರೆಸಿದೆ. ನನ್ನ ಹೊಸ ಗೀರಿನ ಪಕ್ಕದಲ್ಲೇ, ಬೆರಳಿನ ಅಗಲದಲ್ಲಿ, ಒಂದು ಹಳೆಯ ಗೀರು ಇತ್ತು. ಅದೇ ಬಾಗು, ಅದೇ ಉದ್ದ. ಯಾರೋ ಅದರ ಮೇಲೆ ಬಣ್ಣ ಹಚ್ಚಿ ಮುಚ್ಚಿದ್ದರು. ಸೈಕಲ್ಲಿನದು ಮಾಸಿದ ನೀಲಿ. ಇದು ಕಣ್ಣಿಗೆ ಹೊಡೆಯುವ ನೀಲಿ, ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಹಚ್ಚುತ್ತಾರಲ್ಲ, ಆ ನೀಲಿ.

ಎರಡು ಚಕ್ರದ ಸೈಕಲ್ಲಿನಲ್ಲಿ ಆ ಜಾಗಕ್ಕೆ ಗೀರು ಬೀಳಲು ಸಾಧ್ಯವೇ ಇಲ್ಲ ಮಾಸ್ತರ್ರೇ. ನೀವು...

ಕೈಯ ಗ್ರೀಸು ಒರೆಸಿಕೊಳ್ಳದೆ ಕಾಕುಗೆ ಫೋನ್ ಮಾಡಿದೆ.

"ಕಾಕು, ಮಾಸ್ತರು ಸೈಕಲ್ಲಿಗಿ ಯಾವಾಗರ ಮೂರು ಚಕ್ರ ಹಾಕಾಕ ನೋಡಿದ್ರೇನ್ರಿ?"

ಕಾಕು ನಕ್ಕರು. "ಯಾರ ಮುಂದೂ ಹೇಳಬ್ಯಾಡ ಅಂದಿದ್ರು. ಇನ್ನ ಹೇಳಿದ್ರೇನು. ಮೊಣಕಾಲು ಹಿಡಿದ ವರ್ಷ ಪುಣೆಕ ಹೋಗಿ ತಂದಿದ್ರು ಬೇ. ಹಿತ್ತಲದಾಗ ಬಾಗಲಾ ಹಾಕ್ಕೊಂಡು ದಿನಪೂರ್ತಿ ಕೂತ್ರು. ಸಂಜೀಕ ಎದ್ದು ಬಂದು, ಈ ಫ್ರೇಮಿಗಿ ಇದು ಕೂಡಂಗಿಲ್ಲ ಅಂದ್ರು. ಎತ್ತಿನ ಕೋಡಿಂದು ಬಣ್ಣ ಎಲ್ಲಿಟ್ಟಿ ಅಂತ ಕೇಳಿದ್ರು. ಮರುದಿನಾ ಸೈಕಲ್ ಗ್ವಾಡಿಗಿ ಏರ್ತು."

"ಯಾರನ್ನರ ಕೇಳಬಾರದಿತ್ತೇನ್ರಿ? ದಸ್ತಗೀರ್ ಭಾಯ್‌ನ ಕೇಳಿದ್ರೂ..."

"ಪಿಂಚಣಿ ಚಕ್ರಾ ಅಂತ ಊರೆಲ್ಲಾ ನಗಸಿದವರು ಯಾವ ಬಾಯಿಲೆ ಕೇಳಬೇಕು?"

ಫೋನ್ ಕೆಳಗಿಟ್ಟೆ. ನಿಮ್ಮ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ನೀವು ಎದುರಿಗಿದ್ದರೆ ಪಾನಾ ಬೀಸಿ ಒಗೆಯುತ್ತಿದ್ದೆ. ಅಷ್ಟೇ ಪ್ರೀತಿಯೂ ಬಂತು. ಬಾಗಿಲು ಹಾಕಿಕೊಂಡು ಹಿತ್ತಲಲ್ಲಿ ಒಬ್ಬರೇ ಕೂತು, ಕೈಗೆಲ್ಲ ಗ್ರೀಸು ಮಾಡಿಕೊಂಡು, ಇನ್ನೊಮ್ಮೆ ಆ ಏರು ಹತ್ತಬೇಕೆಂದು ಆಸೆಪಟ್ಟ ನಿಮ್ಮನ್ನು ನಾನು ನೋಡಿಯೇ ಇರಲಿಲ್ಲ. ನನಗೆ ಗೊತ್ತಿದ್ದ ಮಾಸ್ತರರಿಗೆ ಆಸೆ ಎಂಬುದೇ ಇರಲಿಲ್ಲ, ಬರೀ ಹಟ ಇತ್ತು.

ಸಿಟ್ಟು ಇಳಿದ ಮೇಲೆ ವಕೀಲ ಬುದ್ಧಿ ಓಡತೊಡಗಿತು. ಎಷ್ಟೋ ವರ್ಷದ ಅಂತರದಲ್ಲಿ ಇಬ್ಬರು ಬೇರೆ ಬೇರೆ ಸಾಮಾನು ತಂದು ಹಾಕಿದರೂ ಗೀರು ಮಾತ್ರ ಒಂದೇ ಕಡೆ ಬೀಳುತ್ತದೆ. ಹಾಗಾದರೆ ಸಾಮಾನಿನ ತಪ್ಪಲ್ಲ. ಫ್ರೇಮಿನ ತಪ್ಪೇ ಇರಬಹುದು, ಆದರೆ ಆಳಂದದಲ್ಲಿ ಅಳತೆ ನೋಡಿಯೇ ತಂದಿದ್ದೆ. ಇನ್ನು ಉಳಿದದ್ದು ಹಾಕಿದವರು. ನನಗೂ ನಿಮಗೂ ಸಮನಾದದ್ದು ಏನು? ಕೆಲಸ ಕಲಿಸಿದವರು ನೀವು, ಕಲಿತವಳು ನಾನು. ಮೊದಲ ಪಾಠ ಏನು? ಸೈಕಲ್ ಡಬ್ಬು ಹಾಕು...

ಅಲ್ಲಿಗೆ ನನ್ನ ತಲೆಯೊಳಗೆ ದೀಪ ಹತ್ತಿತು. ಮನೆಯವರನ್ನು ಕೂಗಿ ಕರೆದೆ. ಇಬ್ಬರೂ ಸೇರಿ ಸೈಕಲ್ಲನ್ನು ಎತ್ತಿ ಗಾಲಿಗಳ ಮೇಲೆ ನಿಲ್ಲಿಸಿ, ಬೇವಿನ ಕೊಂಬೆಗೆ ಹಗ್ಗದಿಂದ ಸೀಟು ಕಟ್ಟಿದೆವು. ಹಿಂದೆ ಹೋಗಿ ನಿಂತು ನೋಡಿದೆ. ಆಕ್ಸಲ್ಲಿನ ಉದ್ದನೆಯ ತುದಿ ಎಡಗಡೆಗಿತ್ತು. ಡಬ್ಬು ಹಾಕಿದ ಸೈಕಲ್ಲಿನ ಬಲಗಡೆ ನಮ್ಮ ಎಡಗೈಗೆ ಬಂದಿರುತ್ತದಲ್ಲ ಮಾಸ್ತರ್ರೇ. ಚೈನ್ ಕಳಚಿಟ್ಟಿದ್ದ ಹೊತ್ತಿನಲ್ಲಿ ನನ್ನ ಬಲಗೈ ಕಡೆಗೆ ಉದ್ದ ತುದಿ ಹಾಕಿ, ಅದನ್ನೇ ಸೈಕಲ್ಲಿನ ಬಲ ಎಂದುಕೊಂಡಿದ್ದೆ; ಕ್ರ್ಯಾಂಕನ್ನು ಮಾತ್ರ ಹಿಂದಿನ ಗಾಲಿಯ ಹಲ್ಲು ನೋಡಿ ಸರಿಯಾದ ಕಡೆಗೇ ಏರಿಸಿದ್ದೆ. ನಿಮ್ಮ ಹಳೆಯ ಎರಡು ಚಕ್ರದ ಆಕ್ಸಲ್ಲಿನ ತುದಿಗಳಲ್ಲಿ ಅಂಥ ವ್ಯತ್ಯಾಸವೇ ಇರಲಿಲ್ಲ. ಹೇಗೆ ಹಾಕಿದರೂ ನಡೆಯುತ್ತಿದ್ದುದರಿಂದ ನಿಮಗೂ ಎಂದೂ ಅದರ ಯೋಚನೆ ಬಂದಿರಲಿಕ್ಕಿಲ್ಲ. ಆಕ್ಸಲ್ ತೆಗೆದು ಹಿಂದುಮುಂದು ಮಾಡಿ ಹಾಕಿದೆವು. ಚಹಾ ಆರುವಷ್ಟರಲ್ಲಿ ಕೆಲಸ ಮುಗಿದಿತ್ತು. ತಿರುಗಿಸಿದರೆ ಸದ್ದೇ ಇಲ್ಲ. ಚಿಕ್ಕ ಚಕ್ರ ಆ ಎರಡೂ ಗೀರುಗಳನ್ನು ಮುಟ್ಟದೆ, ಪಕ್ಕದಲ್ಲೇ ಹಾಯಾಗಿ ತಿರುಗಿತು.

ಇಷ್ಟೇ ಇತ್ತು. ಇಷ್ಟಕ್ಕಾಗಿ ನೀವು ಸೈಕಲ್ಲನ್ನು ಗೋಡೆಗೆ ಏರಿಸಿ, ಖಾಲಿ ಮೊಪೆಡ್ಡಿನಲ್ಲಿ... ಹೋಗಲಿ ಬಿಡಿ. ಅದನ್ನು ಬರೆಯಲು ಕೂತರೆ ಈ ಕಾಗದ ಮುಗಿಯುವುದಿಲ್ಲ.

ಸಂಭ್ರಮ ಹೆಚ್ಚು ಹೊತ್ತು ಉಳಿಯಲಿಲ್ಲ. ಊರ ಹೊರಗಿನ ದಿನ್ನೆಯ ಮೇಲೆ ಪರೀಕ್ಷೆ ಮಾಡಲು ಹೋದಾಗ, ಚಿಕ್ಕ ಚಕ್ರದ ಸವೆದ ಹಲ್ಲುಗಳ ಮೇಲೆ ಚೈನ್ ಟಪ್ ಟಪ್ ಎಂದು ಜಿಗಿಯಿತು. ಒಂದು ಸಲ ಪೆಡಲು ಜಾರಿ ಬೀಳುವವಳೇ ಇದ್ದೆ. ದಸ್ತಗೀರ್ ಭಾಯ್‌ಗೆ ಇನ್ನೂ ಬೇರೆಯದು ಸಿಕ್ಕಿರಲಿಲ್ಲ. ಆಗ ಕಾಕು ಹೇಳಿದ್ದು ನೆನಪಾಗಿ ಮತ್ತೆ ಫೋನ್ ಮಾಡಿದೆ. ನೀವು ಪುಣೆಯಿಂದ ತಂದದ್ದು ಎಲ್ಲಿದೆ ಎಂದು ಕೇಳಿದೆ.

"ಗುಜರಿಗಿ ಹಾಕಿದ್ರು. ಸಣ್ಣದೊಂದು ನಾ ಇಟ್ಕೊಂಡೇನಿ."

"ಎಲ್ಲಿ ಅದ್ರಿ?"

"ತಡಿ, ಅದರ ಮ್ಯಾಲ ಸಾರಿನ ಗಡಗಿ ಅದ. ಇಳಿಸ್ತೀನಿ."

ಫೋನಿನಲ್ಲೇ ಗಡಿಗೆ ಇಳಿಸಿದ ಸದ್ದು ಕೇಳಿಸಿತು. ಕಾಕು ಅದನ್ನು ಬಿಸಿ ಪಾತ್ರೆಯ ಕೆಳಗೆ ಸಿಂಬಿಯ ಹಾಗೆ ಇಟ್ಟುಕೊಂಡಿದ್ದರು. ನೀವು ತೀರಿದ ಮೇಲೆ ನಿಮ್ಮ ದಿನದ ಊಟಕ್ಕೆ ಬಂದಾಗ ಅದರ ಮೇಲಿಂದ ಸಾರಿನ ಪಾತ್ರೆ ಎತ್ತಿ ಬಡಿಸಿದವಳು ನಾನೇ. ಹಲ್ಲು ಹಲ್ಲಾಗಿ ಇದ್ದದ್ದು ಬೆರಳಿಗೆ ತಾಗಿಯೂ ಇತ್ತು. ಅಳುವ ಭರದಲ್ಲಿ ಯಾರು ನೋಡುತ್ತಾರೆ? ಬೋಲ್ಟಿನ ತೂತು ಎಷ್ಟು ಎಂದು ಕೇಳಿದೆ. ಐದು ಅಂದರು. ಅಂಗೈಯಿಂದ ಅಳತೆ ಹೇಳಿದರು, ಅದು ಹೊಂದುವ ಹಾಗೆ ಕಂಡಿತು. ಮರುದಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಗಂಟು ಬಂತು. ಮೇಲೆ ಕಟಿ ರೊಟ್ಟಿ, ಶೇಂಗಾ ಹಿಂಡಿ, ತಳದಲ್ಲಿ ನಿಮ್ಮ ಪಿಂಚಣಿ ಚಕ್ರ. ಮಸಿ ಹಿಡಿದು ಹಂಚಿನಷ್ಟು ಕಪ್ಪಾಗಿತ್ತು. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದೆ. ಒಂದು ಹಲ್ಲೂ ಸವೆದಿರಲಿಲ್ಲ. ಒಂದು ದಿನವೂ ಓಡದ ಚಕ್ರದ ಹಲ್ಲು ಹೇಗೆ ಸವೆದೀತು? ಸವೆದದ್ದನ್ನು ತೆಗೆದು ಇದನ್ನು ಇಟ್ಟೆ. ಐದು ಬೋಲ್ಟೂ ತಕರಾರಿಲ್ಲದೆ ಕೂತವು.

ಎಳ್ಳಮವಾಸ್ಯೆಯ ಬೆಳಿಗ್ಗೆ ಚಳಿ ಇತ್ತು, ಗಾಳಿ ಇರಲಿಲ್ಲ. ಮನೆಯವರು ಕಾರಿನಲ್ಲಿ ಹಿಂದೆ ಬರುತ್ತೇನೆ ಅಂದರು. ಬೇಡ, ಮುಂದೆ ಹೋಗಿ ಅಂದೆ. ಕಾರು ಹಿಂದೆ ಇದ್ದರೆ ಹತ್ತಿಬಿಡುವ ಮನಸ್ಸಾಗುತ್ತದೆ. ಚೌಡಾಪುರದಲ್ಲಿ ಚಹಾ ಕುಡಿದೆ. ದಾರಿಯುದ್ದಕ್ಕೂ ಬಿಳಿಜೋಳ ಎದೆಯೆತ್ತರಕ್ಕೆ ನಿಂತಿತ್ತು, ಕಡಲೆ ಕಾಯಿ ಕಟ್ಟಿತ್ತು. ಬುತ್ತಿ ಹೊತ್ತು ಹೊಲಗಳಿಗೆ ಹೊರಟ ಜನ ಟ್ರ್ಯಾಕ್ಟರಿನಿಂದ ಕೈ ಬೀಸಿದರು. ಸೇತುವೆ ದಾಟಿದೆ. ಏರಿನ ಬುಡದಲ್ಲಿ ಲಿವರ್ ಎಳೆದೆ. ಚೈನ್ ದೊಡ್ಡದರಿಂದ ನಡುವಿನದಕ್ಕೆ, ಅಲ್ಲಿಂದ ನಿಮ್ಮದಕ್ಕೆ ಇಳಿಯಿತು. ಮಾಸ್ತರ್ರೇ, ಪೆಡಲು ಒಮ್ಮೆಲೇ ಹಗುರಾಯಿತು, ಬಾವಿಯಿಂದ ಸೇದುವ ಕೊಡ ಇನ್ನೊಬ್ಬರ ಕೈ ಸೇರಿದಾಗ ಹಗುರಾಗುವುದಿಲ್ಲವೇ, ಹಾಗೆ. ನಾನು ಏಳಲಿಲ್ಲ. ಕೂತೇ ತುಳಿದೆ. ನಡೆಯುವವರು ನನ್ನ ಮುಂದೆ ಹೋಗಿರಬಹುದು, ನನಗೆ ಚಿಂತೆ ಇರಲಿಲ್ಲ. ಮೊಣಕಾಲು ಗೊಣಗಿತು, ಅಷ್ಟೇ. ನೆತ್ತಿ ಬಂದಾಗ ನೀವು ನಿಲ್ಲುತ್ತಿದ್ದ ಕಲ್ಲಿನ ಹತ್ತಿರ ನಿಲ್ಲಬೇಕೆಂದುಕೊಂಡಿದ್ದೆ. ನಿಲ್ಲಲಿಲ್ಲ. ಭಜ್ಜಿ ಆರುತ್ತಿತ್ತಲ್ಲ.

ಹೊಲದ ಬದುವಿನ ಮೇಲೆ ಕಾಕು ನಿಂತಿದ್ದರು. ಸೈಕಲ್ ಹತ್ತಿರ ಬಂದು ಬಗ್ಗಿ ಚಿಕ್ಕ ಚಕ್ರವನ್ನೇ ನೋಡಿದರು. "ಎಷ್ಟ ಬೆಳ್ಳಗಾಗ್ಯಾದ" ಅಂದರು. ಆಮೇಲೆ ಕೋಡಿನ ಬಣ್ಣ ಹಚ್ಚಿದ ಗೀರಿನ ಮೇಲೆ ಬೆರಳಿಟ್ಟರು. "ಸಂಜೀಕೊಮ್ಮೆ ದಿನಾ ಇದನ್ನ ಒರಸ್ತಿದ್ರು. ಹೊಡ್ಯಾಂಗಿಲ್ಲ, ಬಿಡಾಂಗಿಲ್ಲ. ನಾನೂ ಕೂಡಂಗಿಲ್ಲ ಅಂತನ ತಿಳ್ಕೊಂಡಿದ್ನಿ." ಅವರ ಕಣ್ಣು ತುಂಬಿತ್ತು. ನನ್ನದೂ.

ನಾನು ಚೀಲದಿಂದ ಆ ಸವೆದ ಚಕ್ರ ತೆಗೆದು ಕೊಟ್ಟೆ. "ತಗೊಳ್ರಿ ಕಾಕು, ನಿಮ್ಮ ಗಡಗಿಗಿ." ಅವರು ಸೆರಗಿನಿಂದ ಅದನ್ನು ಒರೆಸಿ, ಬನ್ನಿಗಿಡದ ಕೆಳಗೆ ಇಟ್ಟು, ಮೇಲೆ ಅಂಬಲಿ ಗಡಿಗೆ ಕೂರಿಸಿದರು. ಹೊಲದ ತುಂಬ ಎಡೆಯ ಚರಗ ಚೆಲ್ಲಿ ಬಂದು ಎಲ್ಲರೂ ಉಂಡೆವು. ಉಣ್ಣುವಾಗಲೇ ಕಲಬುರಗಿಯಿಂದ ಫೋನ್ ಬಂತು, ನಾಳೆ ಟಂಟಂ ಎಷ್ಟೊತ್ತಿಗೆ ಕಳಿಸಲಿ ಎಂದು. ಕಾಕು ಬಾಯಲ್ಲಿದ್ದ ತುತ್ತು ನುಂಗಿ, "ಸೈಕಲ್ ಇಲ್ಲಪ, ಅದು ಓಡಾಕತ್ತದ" ಎಂದು ಹೇಳಿ ಫೋನ್ ಇಟ್ಟರು.

ನನ್ನ ಜೂನಿಯರ್ ವಕೀಲೆಯೊಬ್ಬಳು ಸೈಕಲ್ ಕೆಲಸ ಕಲಿಯಬೇಕೆಂದು ಬೆನ್ನು ಬಿದ್ದಿದ್ದಾಳೆ. ನೀವು ಕಲಿಸಿದ್ದನ್ನೆಲ್ಲ ಅವಳಿಗೆ ಕಲಿಸುತ್ತೇನೆ, ಒಂದನ್ನು ಬಿಟ್ಟು. ಸೈಕಲ್ ನಿಲ್ಲಿಸಿಯೇ ಪಾನಾ ಹಿಡಿ ಎಂದು ಹೇಳುತ್ತೇನೆ. ಕೋಡಿನ ಬಣ್ಣದ ನಿಮ್ಮ ಗೀರನ್ನು ಹಾಗೇ ಇಟ್ಟಿದ್ದೇನೆ. ಪಕ್ಕದ ನನ್ನ ಗೀರಿಗೂ ಕಾಕು ಅದೇ ಬಣ್ಣ ಕೊಟ್ಟಿದ್ದಾರೆ, ಮುಂದಿನ ಭಾನುವಾರ ಹಚ್ಚುತ್ತೇನೆ. ನೀವು ಮಾತ್ರ ಒಂದು ತಿಳಿದುಕೊಳ್ಳಬೇಕು, ಅದಕ್ಕೇ ಇಷ್ಟು ಬರೆದದ್ದು. ಆ ದಿನ ಹಿತ್ತಲಿನಿಂದ ಎದ್ದು ಬಂದು ನೀವು ಹೇಳಿದ್ದು ತಪ್ಪು.

ಕೂಡುತ್ತವೆ ಮಾಸ್ತರ್ರೇ. ನಿಮ್ಮ ಸೈಕಲ್ಲಿಗೆ ಮೂರೂ ಕೂಡುತ್ತವೆ.

ನಿಮ್ಮ ವಿದ್ಯಾರ್ಥಿನಿ,
ಸಾವಿತ್ರಿ